ಬಾಯಿಯ ಶಿಲೀಂಧ್ರರೋಗ ನಿರ್ಣಯದಲ್ಲಿ ವರ್ಣಲೇಪನ ವಿಧಾನಗಳು: ಒಂದು ವಿಮರ್ಶೆ

ಬಾಯಿಯೊಳಗಿನ ಶಿಲೀಂಧ್ರವನ್ನು ಗುರುತಿಸಲು ಬಳಸುವ ವರ್ಣಲೇಪನಗಳನ್ನು ಒಂದಕ್ಕೊಂದು ಹೋಲಿಸಿ, ಇಂಥದು ಮೇಲು, ಇಂಥದು ಕೀಳು ಎಂದು ತೀರ್ಪು ಕೊಡುವ ಲೇಖನಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಅವುಗಳ ಹಿಂದಿನ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ತೀರ್ಪುಗಳನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ರೋಗಿಗಳಿಗೆ ಹಾಗೆಯೇ ಅನ್ವಯಿಸಬಹುದೆ ಎಂಬುದು ವಿಚಾರಾರ್ಹವಾದ ಸಂಗತಿ. ಈ ಸೀಮೆಯಲ್ಲಿ ಎಲೆ, ಅಡಿಕೆ, ಸುಣ್ಣಗಳೊಡನೆ ಹೊಗೆಸೊಪ್ಪನ್ನು ಸೇರಿಸಿ ಅಗಿಯುವ ಅಭ್ಯಾಸ ಹೆಂಗಸರಲ್ಲಿಯೂ ಬೇರೂರಿದೆ. ಅಗಿದುದನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ಮಲಗುವವರೂ ಉಂಟು. ಬಾಯಿಯ ಕ್ಯಾನ್ಸರು ಇಲ್ಲಿ ಅಪರೂಪದ ರೋಗವಲ್ಲ. ಆದುದರಿಂದ ಕೆನ್ನೆಯ ಬಿಳಿಯ ಮಚ್ಚೆಯೊಂದನ್ನು ಕುರಿತು 'ಶಿಲೀಂಧ್ರವಿದೆ' ಎಂದು ಪ್ರಯೋಗಶಾಲೆ ಬರೆದುಕೊಡುವ ಒಂದು ಸಾಲು ಬಹು ಹೊಣೆಯ ಮಾತಾಗುತ್ತದೆ.

ಮೊದಲು ವಿಧಾನಗಳ ಸ್ವರೂಪವನ್ನು ಸಂಕ್ಷೇಪವಾಗಿ ನೋಡೋಣ. ಪೊಟ್ಯಾಸಿಯಂ ಹೈಡ್ರಾಕ್ಸೈಡು ಬಣ್ಣವಲ್ಲ. ಅದು ಕೆರೆದು ತೆಗೆದ ಜೀವಕೋಶಗಳನ್ನು ಕರಗಿಸಿ ಶಿಲೀಂಧ್ರವನ್ನು ಬಯಲಿಗೆ ತರುತ್ತದೆ. 1884ರ ಗ್ರಾಂ ವಿಧಾನದಲ್ಲಿ ಕ್ಯಾಂಡಿಡ ನೇರಿಳೆಯಾಗಿ ಕಾಣುತ್ತದೆ. ಪಿ.ಎ.ಎಸ್. ವಿಧಾನದಲ್ಲಿ ಪರಯೋಡಿಕ್ ಆಮ್ಲವು ಶಿಲೀಂಧ್ರಭಿತ್ತಿಯ ಶರ್ಕರಗಳನ್ನು ಆಲ್ಡಿಹೈಡುಗಳನ್ನಾಗಿ ಮಾರ್ಪಡಿಸುತ್ತದೆ. ಶಿಫ್ ದ್ರಾವಣ ಅವುಗಳಿಗೆ ಕೆನ್ನೀಲಿಗೆಂಪು ಬಣ್ಣ ಕೊಡುತ್ತದೆ. ಗೊಮೊರಿಯ ಬೆಳ್ಳಿಯ ವಿಧಾನವನ್ನು ಗ್ರೋಕಾಟ್ 1955ರಲ್ಲಿ ಶಿಲೀಂಧ್ರಗಳಿಗೆ ಹೊಂದಿಸಿದನು. ಅದರಲ್ಲಿ ಕ್ರೋಮಿಕ್ ಆಮ್ಲದಿಂದ ಹುಟ್ಟಿದ ಆಲ್ಡಿಹೈಡುಗಳ ಮೇಲೆ ಬೆಳ್ಳಿ ಕಪ್ಪಾಗಿ ಕೂರುತ್ತದೆ. ಕಾಲ್ಕೊಫ್ಲೂರ್ ವೈಟ್ ಭಿತ್ತಿಯ ಕೈಟಿನ್ನಿಗೆ ಅಂಟಿಕೊಂಡು ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಹೊಳೆಯುತ್ತದೆ.

ಹೋಲಿಕೆಯ ಲೇಖನಗಳ ಮೇಲೆ ನಮ್ಮ ಮೊದಲನೆಯ ಆಕ್ಷೇಪ ಅವುಗಳ ಅಳತೆಗೋಲನ್ನು ಕುರಿತದ್ದು. ಸಾಬುರೋ ಮಾಧ್ಯಮದಲ್ಲಿ ಶಿಲೀಂಧ್ರ ಬೆಳೆದರೆ ಅದೇ ಸತ್ಯವೆಂದು ಭಾವಿಸಿ, ಯಾವ ಬಣ್ಣ ಅದಕ್ಕೆ ಹತ್ತಿರ ಬರುವುದೊ ಅದನ್ನೇ ಉತ್ತಮವೆನ್ನುವ ರೂಢಿ ಇದೆ. ಆದರೆ ಆರೋಗ್ಯವಂತರಾದ ಅನೇಕರ ಬಾಯಲ್ಲಿ ಕ್ಯಾಂಡಿಡ ಯಾವ ಕೇಡೂ ಮಾಡದೆ ವಾಸಿಸುತ್ತದೆ. 100 ಜನರಲ್ಲಿ 10 ಮಂದಿಗೆ ರೋಗವಿದೆ, 30 ಮಂದಿ ಬರಿಯ ವಾಹಕರು ಎಂದು ಕಲ್ಪಿಸಿಕೊಳ್ಳೋಣ. ಮಾಧ್ಯಮ 40 ಮಂದಿಯನ್ನೂ ತೋರಿಸುತ್ತದೆ. ರೋಗಿಗಳಾದ 10 ಮಂದಿಯನ್ನಷ್ಟೇ ಸರಿಯಾಗಿ ಹಿಡಿದ ವಿಧಾನಕ್ಕೆ ಈ ಅಳತೆಯಲ್ಲಿ ಶೇಕಡ 25 ಅಂಕ ಸಿಕ್ಕುತ್ತದೆ; ವಾಹಕರನ್ನೂ ಸೇರಿಸಿ 36 ಮಂದಿಯನ್ನು ತೋರಿಸಿದ ವಿಧಾನಕ್ಕೆ ಶೇಕಡ 90. ರೋಗನಿರ್ಣಯದ ದೃಷ್ಟಿಯಿಂದ ಯಾವುದು ಗೆಲ್ಲಬೇಕಾಗಿತ್ತೊ ಅದೇ ಸೋತಿತು. ಲೆಕ್ಕ ತಪ್ಪಲ್ಲ, ಪ್ರಶ್ನೆ ತಪ್ಪು.

ಎರಡನೆಯ ಆಕ್ಷೇಪ ಈ ಸೀಮೆಗೆ ವಿಶೇಷವಾಗಿ ಸಂಬಂಧಿಸಿದುದು. ಕಾಲ್ಕೊಫ್ಲೂರ್ ಸೆಲ್ಯುಲೋಸಿಗೂ ಅಂಟುತ್ತದೆ. ವೀಳ್ಯದೆಲೆಯ ತುಣುಕು, ಅಡಿಕೆಯ ನಾರು, ಹೊಗೆಸೊಪ್ಪಿನ ಪುಡಿ ಇವೆಲ್ಲ ಸಸ್ಯಭಿತ್ತಿಗಳೇ. ಅಗಿಯುವವರ ಬಾಯಿಂದ ಕೆರೆದ ಮಾದರಿಯಲ್ಲಿ ಅವೂ ಹೊಳೆಯದೆ ಇರಲಾರವು. ಪಿ.ಎ.ಎಸ್. ಕೂಡ ಈ ದೋಷದಿಂದ ಮುಕ್ತವಲ್ಲ. ಅಷ್ಟೇ ಅಲ್ಲದೆ ಕೆನ್ನೆಯ ಒಳಪದರದ ಕೋಶಗಳಲ್ಲಿರುವ ಗ್ಲೈಕೋಜನ್ ಸಹ ಅದೇ ಬಣ್ಣ ತಾಳುತ್ತದೆ. ಡಯಾಸ್ಟೇಸಿನಿಂದ ಅದನ್ನು ಕಳೆದು ನೋಡಿದಲ್ಲದೆ ಸಂದೇಹ ಹರಿಯದು. ಬೆಳ್ಳಿಯನ್ನು ಹೆಚ್ಚು ಹೊತ್ತು ಬಿಟ್ಟರೆ ಹಿನ್ನೆಲೆಯೂ ಕಪ್ಪಾಗಿ ಶಿಲೀಂಧ್ರ ಅದರಲ್ಲಿ ಅಡಗಿಹೋಗುತ್ತದೆ. ಹೀಗಿರುವಾಗ ಬಣ್ಣದ ಕಾಂತಿಯನ್ನೇ ವಿಧಾನದ ಗುಣವೆಂದು ಎಣಿಸುವುದು ತರವಲ್ಲ. ನೋಡತಕ್ಕದ್ದು ಆಕಾರವನ್ನು: ಮೊಳೆಯುವ ದುಂಡು ಕೋಶ, ಅಡ್ಡಗೋಡೆಯುಳ್ಳ ತಂತು, ಅದು ಪದರದೊಳಕ್ಕೆ ಇಳಿದಿರುವ ರೀತಿ. ತಂತು ಕಂಡರೆ ರೋಗದ ಸಂಭವ ಹೆಚ್ಚು. ಆದರೆ ಗ್ಲಾಬ್ರಾಟ ಎಂಬ ಜಾತಿ ತಂತುಗಳನ್ನು ಬೆಳೆಸದ ಕಾರಣ ತಂತುವಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನುವಂತಿಲ್ಲ.

ಮೂರನೆಯದಾಗಿ, ಖರ್ಚು ಮತ್ತು ಸೌಕರ್ಯ. ಬೆಳ್ಳಿಯ ವಿಧಾನಕ್ಕೆ ಬೆಳ್ಳಿಯ ಲವಣ, ವಿಷಕರವಾದ ಕ್ರೋಮಿಕ್ ಆಮ್ಲ, ಹದವಾದ ಶಾಖ ಮತ್ತು ಪಳಗಿದ ಕೈ ಬೇಕು. ಕಾಲ್ಕೊಫ್ಲೂರಿಗೆ ಬೆಲೆಯುಳ್ಳ ಸೂಕ್ಷ್ಮದರ್ಶಕ ಬೇಕು. ತಾಲ್ಲೂಕು ಮಟ್ಟದಲ್ಲಿ ಹೈಡ್ರಾಕ್ಸೈಡು ಮತ್ತು ಗ್ರಾಂ, ಅಂಗಾಂಶದ ಛೇದಗಳಿಗೆ ಪಿ.ಎ.ಎಸ್., ಸಂದೇಹ ಉಳಿದಾಗ ಬೆಳ್ಳಿ ಎಂಬ ಕ್ರಮ ಯುಕ್ತವೆಂದು ನಮಗೆ ತೋರುತ್ತದೆ. ಮಾದರಿ ತೆಗೆಯುವ ಮುನ್ನ ರೋಗಿ ನೀರಿನಿಂದ ಬಾಯಿ ಮುಕ್ಕಳಿಸಬೇಕೆಂಬ ಸಣ್ಣ ನಿಯಮಕ್ಕೆ ಕಾಸಿನ ಖರ್ಚಿಲ್ಲ; ಫಲ ಮಾತ್ರ ದೊಡ್ಡದು.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಹೊಗೆಸೊಪ್ಪು ಅಗಿಯುವವರ ಬಿಳಿಯ ಮಚ್ಚೆಯ ಮೇಲೆ ಕ್ಯಾಂಡಿಡ ಬಂದು ನೆಲೆಸುವುದುಂಟು. ಅಲ್ಲಿ ಶಿಲೀಂಧ್ರ ಕಂಡಿತೆಂಬುದು ನಿಜವಾಗಿಯೂ, ಮಚ್ಚೆಗೆ ಅದೇ ಕಾರಣವೆಂಬುದು ಸುಳ್ಳಾಗಿಯೂ ಇರಬಹುದು. ಔಷಧ ಹಚ್ಚುತ್ತ ತಿಂಗಳುಗಳು ಕಳೆದರೆ, ಕಳೆದುಹೋಗುವುದು ಕ್ಯಾನ್ಸರನ್ನು ಗುಣಪಡಿಸಬಹುದಾದ ಕಾಲ. ಆದುದರಿಂದ ಒರಸಿದರೆ ಹೋಗದ, ಔಷಧಕ್ಕೆ ಬಗ್ಗದ ಮಚ್ಚೆಯಿಂದ ಅಂಗಾಂಶದ ತುಂಡು ತೆಗೆದು ಪರೀಕ್ಷಿಸಲೇಬೇಕು. ಶಿಲೀಂಧ್ರ ಕಂಡಿತೆಂಬುದು ಅದನ್ನು ಮುಂದೂಡಲು ನೆಪವಾಗಬಾರದು. ವರದಿಯಲ್ಲಿ 'ಇದೆ' ಎಂಬ ಒಂದು ಪದಕ್ಕೆ ಬದಲಾಗಿ ಏನು ಕಂಡಿತು, ಎಷ್ಟು ಕಂಡಿತು, ಎಲ್ಲಿ ಕಂಡಿತು ಎಂದು ಬರೆಯುವುದು ಪ್ರಯೋಗಶಾಲೆಯ ಧರ್ಮ. ಮುಂದಿನ ಹೋಲಿಕೆಗಳು ಈ ದಿಕ್ಕಿನಲ್ಲಿ ನಡೆದರೆ ಬಣ್ಣಗಳ ನಡುವಣ ಸ್ಪರ್ಧೆ ರೋಗಿಗೂ ಉಪಯುಕ್ತವಾದೀತು.