ರೋಗ್‌ಲೈಕ್ ಯಾವುದು, ಯಾವುದಲ್ಲ: ಹೊಸ ಆಟಗಾರರಿಗೊಂದು ಕೈಪಿಡಿ

ಸ್ಟೀಮ್‌ನಲ್ಲಿ 'ರೋಗ್‌ಲೈಕ್' ಎಂಬ ಟ್ಯಾಗ್ ಹಿಡಿದು ಹುಡುಕಿ ನೋಡಿ. ಕಾರ್ಡು ಇಳಿಸಿ ಕಾದಾಡುವ 'ಸ್ಲೇ ದ ಸ್ಪೈರ್', ಕತ್ತಿ ಬೀಸುತ್ತ ಓಡುವ 'ಹೇಡೀಸ್', ಗವಿಯೊಳಗೆ ಜಿಗಿಯುತ್ತ ಇಳಿಯುವ 'ಸ್ಪೆಲಂಕಿ' ಎಲ್ಲವೂ ಆ ಒಂದೇ ಹೆಸರಿನಡಿ ಓಡಾಡುತ್ತವೆ. ಒಂದನ್ನು ಆಡಿ ಮೆಚ್ಚಿದವರು ಅದೇ ರುಚಿ ಸಿಕ್ಕೀತೆಂದು ಇನ್ನೊಂದನ್ನು ಕೊಂಡು ಬೇಸರಪಡುತ್ತಾರೆ. ತಾಳಮದ್ದಳೆಗೆ ಹೋಗಿ ವೇಷ ಯಾವಾಗ ಬರುತ್ತದೆ, ಕುಣಿತ ಯಾವಾಗ ಎಂದು ಕಾಯುತ್ತ ಕೂತವರಿಗೆ ಎದುರಲ್ಲೇ ನಡೆಯುವ ಅರ್ಥಗಾರಿಕೆ ಕಿವಿಗೆ ಬೀಳುವುದಿಲ್ಲ. ಆಟದ ಪ್ರಕಾರ ಖಚಿತವಾಗಿ ಗೊತ್ತಿದ್ದರೆ ಗಮನ ಎಲ್ಲಿಡಬೇಕೆಂಬುದೂ ಗೊತ್ತಾಗುತ್ತದೆ. ವ್ಯಾಖ್ಯೆಯ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಹೆಸರಿನ ಮೂಲ 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಯೂನಿಕ್ಸ್ ಯಂತ್ರಗಳಿಗೆ ಬರೆದ 'ರೋಗ್'. ಅದರಲ್ಲಿ ಚಿತ್ರಗಳಿಲ್ಲ. ಇಮೇಲ್ ವಿಳಾಸದ ನಡುವೆ ಬರುವ ಚಿಹ್ನೆಯೇ ನೀವು. ಇಂಗ್ಲಿಷಿನ 26 ದೊಡ್ಡಕ್ಷರಗಳೇ ರಾಕ್ಷಸರು. ನೆಲಮಾಳಿಗೆಯ ಆಳದಲ್ಲಿರುವ ಯೆಂಡೋರ್‌ನ ತಾಯಿತವನ್ನು ಹೊತ್ತು ಮೇಲೆ ಬರಬೇಕು. ಪ್ರತಿ ಸಲವೂ ಕೋಣೆಗಳ ಜೋಡಣೆ ಹೊಸದು. ಸತ್ತರೆ ಎಲ್ಲ ಮೊದಲಿನಿಂದ.

ಇದರ ಸೊಗಸು ತಿಳಿಯಲು ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಎರಡು ಚೌಕದಾಚೆ ಟ್ರೋಲ್ ನಿಂತಿದೆ. ಅದರ ಇನ್ನೊಂದು ಏಟಿಗೆ ನೀವು ಉಳಿಯುವುದಿಲ್ಲ. ಚೀಲದಲ್ಲಿ ಓದದ ಒಂದು ಸುರುಳಿ, ಗುರುತು ಸಿಗದ ಎರಡು ನೀಲಿ ಪೋಷನ್. ಯಾವ ಬಣ್ಣದಲ್ಲಿ ಯಾವ ಗುಣ ಎಂಬುದು ಆಟದಿಂದ ಆಟಕ್ಕೆ ಬದಲಾಗುವುದರಿಂದ ನಿನ್ನೆಯ ನೆನಪು ಉಪಯೋಗಕ್ಕಿಲ್ಲ. ನೀಲಿಯದು ಗಾಯ ಮಾಯಿಸಬಹುದು, ಕಣ್ಣು ಕಟ್ಟಲೂಬಹುದು. ಆದರೆ ಒಂದೇ ಬಣ್ಣದವು ಎರಡು ಸಿಕ್ಕಿವೆಯೆಂದರೆ ಅದು ಹೆಚ್ಚಾಗಿ ಸಿಗುವ ಬಗೆಯೇ ಇರಬೇಕು, ಮಾಯಿಸುವ ಪೋಷನ್ನೂ ಆ ಬಗೆಯದೇ. ಸುರುಳಿ ನಿಮ್ಮನ್ನು ಬೇರೆಡೆಗೆ ಎಸೆಯಬಹುದು, ಇಲ್ಲವೇ ಮಲಗಿದ್ದವರನ್ನೆಲ್ಲ ಎಬ್ಬಿಸಬಹುದು. ನೀವು ಕೀಲಿ ಒತ್ತುವವರೆಗೆ ಟ್ರೋಲ್ ಕದಲುವುದಿಲ್ಲ. ಚಹಾ ಕುಡಿದು ಬಂದು ತೀರ್ಮಾನಿಸಿದರೂ ಆದೀತು. ಕಾಲ ಕಾಯುತ್ತದೆ, ತಪ್ಪನ್ನು ಮಾತ್ರ ಹಿಂದೆಗೆದುಕೊಳ್ಳಲಾಗದು. ಈ ಎರಡೂ ಸೇರಿದಾಗ ಹುಟ್ಟುವ ಬಿಗಿಯೇ ಈ ಪ್ರಕಾರದ ಜೀವಾಳ. ಒಂದನ್ನು ತೆಗೆದರೂ ಆಟ ಬೇರೆಯಾಗುತ್ತದೆ.

2008ರಲ್ಲಿ ಬರ್ಲಿನ್‌ನಲ್ಲಿ ಸೇರಿದ ರೋಗ್‌ಲೈಕ್ ತಯಾರಕರು ಇದನ್ನು ಬರಹಕ್ಕಿಳಿಸಿದರು. ಹೊಸ ಹೊಸ ನಕ್ಷೆ, ಮರಳಿಬಾರದ ಸಾವು, ಸರದಿಯ ಪ್ರಕಾರ ನಡೆ, ಚೌಕಗಳ ಅಂಗಳ, ಅಳೆದು ಬಳಸಬೇಕಾದ ಸಾಮಗ್ರಿ ಮೊದಲಾದವು ಮುಖ್ಯ ಲಕ್ಷಣಗಳು. ಪರದೆಯ ಮೇಲಿನ ಅಕ್ಷರಗಳನ್ನೂ ನೆಲಮಾಳಿಗೆಯನ್ನೂ ಅವರು ಗೌಣ ಲಕ್ಷಣಗಳ ಸಾಲಿಗೆ ಹಾಕಿದರು. ಕಣ್ಣಿಗೆ ಮೊದಲು ಬೀಳುವುದೇ ಲಕ್ಷಣವಲ್ಲ ಎಂದು ಗುರುತಿಸಿದ್ದು ದೊಡ್ಡ ವಿವೇಕ. ಒಂದೆರಡು ಅಂಶ ಇಲ್ಲದ ಮಾತ್ರಕ್ಕೆ ಆಟವನ್ನು ಹೊರಹಾಕಬೇಕಿಲ್ಲ ಎಂದೂ ಹೇಳಿದರು. ಆ ಮಾತನ್ನು ಮರೆತು ಪಟ್ಟಿಯನ್ನು ಬೆತ್ತದಂತೆ ಹಿಡಿದವರೇ ಹೆಚ್ಚು.

ಈಗ 2020ರ 'ಹೇಡೀಸ್' ನೋಡಿ. ಪಾತಾಳದೊಡೆಯನ ಮಗ ಜಾಗ್ರಿಯಸ್ ಸತ್ತಾಗಲೆಲ್ಲ ಅಪ್ಪನ ಮನೆಗೇ ಮರಳುತ್ತಾನೆ. ಅಲ್ಲಿರುವವರು ಅವನ ಸಾವನ್ನೇ ಮಾತಿಗೆ ಎತ್ತಿಕೊಳ್ಳುತ್ತಾರೆ, ಕತೆ ಮುಂದೆ ಸಾಗುತ್ತದೆ, ಗಳಿಸಿದ್ದರಲ್ಲಿ ಒಂದಿಷ್ಟನ್ನು ಕೊಟ್ಟು ಶಾಶ್ವತ ಬಲ ಪಡೆಯಬಹುದು. ಇಲ್ಲಿ ಸಾವು ಅಂತ್ಯವಲ್ಲ, ಅಧ್ಯಾಯ. ಹೀಗೆ ಸತ್ತ ಮೇಲೂ ಏನಾದರೂ ಉಳಿಯುವ ಆಟಗಳಿಗೆ 'ರೋಗ್‌ಲೈಟ್' ಎಂಬ ಹೆಸರಿದೆ; ಅದನ್ನು ಬಳಕೆಗೆ ತಂದದ್ದರಲ್ಲಿ 2013ರ 'ರೋಗ್ ಲೆಗಸಿ'ಯ ಪಾಲು ದೊಡ್ಡದು. ಲೈಟ್ ಎಂದರೆ ಕೀಳು ಎಂದಲ್ಲ. 'ಹೇಡೀಸ್' ಆಡುವಾಗ ಮನೆಯ ಮಾತುಕತೆಗೆ ಕಿವಿಗೊಡದೆ ಸಾವಿಗಾಗಿ ಗೊಣಗಿದರೆ ಆಟದ ಅರ್ಧವನ್ನು ಕಳೆದುಕೊಂಡಂತೆ. 'ರೋಗ್'ನ ದಾರಿಯಲ್ಲೇ ಬಂದ 'ನೆಟ್‌ಹ್ಯಾಕ್'ನಲ್ಲಿ ಸತ್ತು, ಇಷ್ಟು ಹೊತ್ತು ಆಡಿದ್ದಕ್ಕೆ ಏನೂ ಸಿಗಲಿಲ್ಲವಲ್ಲ ಎನ್ನುವವರ ಅಳತೆಗೋಲೂ ಬೇರೆ ಆಟದ್ದೇ. ಅಲ್ಲಿ ಉಳಿಯುವುದು ನಿಮ್ಮ ತಿಳಿವಳಿಕೆ ಮಾತ್ರ.

ಗಡಿಯಲ್ಲಿ ನಿಂತಿರುವ ಆಟಗಳ ಮೇಲೆ ನನಗೆ ಪ್ರೀತಿ ಹೆಚ್ಚು. ಡೆರೆಕ್ ಯು 2008ರಲ್ಲಿ ಹೊರತಂದ 'ಸ್ಪೆಲಂಕಿ'ಯಲ್ಲಿ ಸರದಿಯಿಲ್ಲ. ಬೆರಳು ತಡವಾದರೆ ಸತ್ತಿರಿ. ಬರ್ಲಿನ್ ಪಟ್ಟಿಯ ಹಲವು ಅಂಶ ಅದರಲ್ಲಿಲ್ಲ. ಆದರೂ ಗೋಡೆಯ ಬಾಣದ ಬಲೆ ನಿಮಗೂ ಶತ್ರುವಿಗೂ ಭೇದ ಮಾಡದು, ಮೊದಲೇ ಒಂದು ಕಲ್ಲೆಸೆದು ಬಾಣ ಖಾಲಿ ಮಾಡಿಸಬಹುದು. ಸತ್ತರೆ ಕೂಡಿಟ್ಟ ಬಲ ಯಾವುದೂ ಇಲ್ಲ. ಆಡುವ ಮನಸ್ಸಿನ ಮಟ್ಟಿಗೆ ಇದು 'ಹೇಡೀಸ್'ಗಿಂತ 'ರೋಗ್'ಗೆ ಹತ್ತಿರ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವ್ಯಾಖ್ಯೆ ಖಚಿತವಾಗಿರುವುದರಿಂದಲೇ ಎಲ್ಲಿ ಹತ್ತಿರ, ಎಲ್ಲಿ ದೂರ ಎಂದು ಬೆರಳಿಟ್ಟು ತೋರಿಸಲು ಬರುತ್ತದೆ.

ಹೊಸ ಆಟ ಕೈಗೆ ಬಂದಾಗ ಟ್ಯಾಗ್ ಬದಿಗಿಟ್ಟು ಇಷ್ಟು ಕೇಳಿ: ಸತ್ತ ಮೇಲೆ ಏನು ಉಳಿಯುತ್ತದೆ? ನಾನು ಸುಮ್ಮನಿದ್ದರೆ ಆಟವೂ ಸುಮ್ಮನಿರುತ್ತದೆಯೇ? ನನಗಿರುವ ನಿಯಮ ಶತ್ರುವಿಗೂ ಇದೆಯೇ? ಹಳೆಯ ಬಗೆಯದನ್ನೇ ಆಡಬೇಕೆಂದರೆ ಸ್ಟೀಮ್‌ನಲ್ಲಿ 'ಟ್ರೆಡಿಶನಲ್ ರೋಗ್‌ಲೈಕ್' ಎಂಬ ಬೇರೆ ಟ್ಯಾಗೇ ಇದೆ. ಮೊದಲಿಗೆ ಉಚಿತವಾಗಿ ಸಿಗುವ 'ಬ್ರೋಗ್' ಸಾಕು; ಅಕ್ಷರಗಳಿಗೆ ಚೆಂದದ ಬಣ್ಣವಿದೆ, ಮೌಸ್‌ನಲ್ಲೂ ಆಡಬಹುದು. ಮೂರನೆಯ ಅಂತಸ್ತಿನಲ್ಲಿ ಮಂಗವೊಂದು ನಿಮ್ಮ ವಸ್ತು ಕದ್ದು ಓಡಿದರೆ ಅಟ್ಟಿಸಿಕೊಂಡು ಹೋಗುವ ಮುನ್ನ ಒಂದು ನಿಮಿಷ ಯೋಚಿಸಿ, ಆಟ ಕಾಯುತ್ತದೆ.