ಸ್ಮಾಲ್‌ಟಾಕ್ ಕಡತವಾಚನದಲ್ಲಿ ಸಾಲಿನ ಕೊನೆಯ ಸಮಸ್ಯೆ : ಒಂದು ವಿಮರ್ಶೆ

ಬೇರೊಂದು ಗಣಕದಲ್ಲಿ ಸಿದ್ಧವಾದ ಪಠ್ಯಕಡತವನ್ನು ಸ್ಮಾಲ್‌ಟಾಕ್ ಭಾಷೆಯಲ್ಲಿ ಸಾಲುಸಾಲಾಗಿ ಓದಿಸಹೊರಟಾಗ ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಮೂಲದಲ್ಲಿಲ್ಲದ ಬರಿಸಾಲುಗಳು ತಲೆದೋರುವುದೂ ಉಂಟು. ಇದನ್ನು ಕಡತದ ದೋಷವೆಂದು ಭಾವಿಸುವುದು ವಾಡಿಕೆ. ಈ ಅಭಿಪ್ರಾಯವು ಪರಿಶೀಲನೆಗೆ ನಿಲ್ಲುವಂಥದಲ್ಲ.

ಸಮಸ್ಯೆಯ ಮೂಲವಿರುವುದು ಟೆಲಿಪ್ರಿಂಟರ್ ಯಂತ್ರದಲ್ಲಿ. ಅಚ್ಚೊತ್ತುವ ಭಾಗವನ್ನು ಎಡ ಅಂಚಿಗೆ ಮರಳಿಸುವುದು ಅಲ್ಲಿ ಒಂದು ಕ್ರಿಯೆ. ಕಾಗದವನ್ನು ಒಂದು ಸಾಲಿನಷ್ಟು ಸರಿಸುವುದು ಇನ್ನೊಂದು. 1963ರ ಆಸ್ಕಿ ಸಂಕೇತಾವಳಿಯಲ್ಲಿ ಮೊದಲನೆಯದಕ್ಕೆ 13, ಎರಡನೆಯದಕ್ಕೆ 10 ಎಂಬ ಸಂಖ್ಯೆಗಳು ಸಂದವು. ಮುಂದೆ ಯುನಿಕ್ಸ್ 10ನ್ನು ಮಾತ್ರ ಉಳಿಸಿಕೊಂಡಿತು. 1984ರ ಮ್ಯಾಕಿಂಟಾಷ್ 13ನ್ನು ಮಾತ್ರ. ಎಂಎಸ್-ಡಾಸ್ ಮತ್ತು ವಿಂಡೋಸ್ ಎರಡನ್ನೂ. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಸ್ಮಾಲ್‌ಟಾಕ್ 13ನ್ನು ಆರಿಸಿಕೊಂಡಿತ್ತು. 1996ರಲ್ಲಿ ಆಪಲ್ ಸಂಸ್ಥೆಯಲ್ಲಿ ಹುಟ್ಟಿದ ಸ್ಕ್ವೀಕ್ ಆ ಸಂಪ್ರದಾಯವನ್ನೇ ಅನುಸರಿಸಿತು. ಆದರೆ ಮ್ಯಾಕಿಂಟಾಷ್ ತಾನೇ 2001ರ ಹೊಸ ವ್ಯವಸ್ಥೆಯಲ್ಲಿ ಯುನಿಕ್ಸಿನ ಪದ್ಧತಿಯತ್ತ ತಿರುಗಿತು. ಹೀಗೆ ಪ್ರತಿಯೊಂದು ಕಡತವೂ ತನ್ನ ಮನೆಯಲ್ಲಿ ನಿರ್ದುಷ್ಟವಾದುದೇ.

ಇನ್ನು ಲಕ್ಷಣಗಳನ್ನು ನೋಡೋಣ. 13 ಬರುವವರೆಗೆ ಓದೆಂದು 'ಅಪ್‌ಟು' ಸಂದೇಶದಿಂದ ಆಜ್ಞಾಪಿಸಿದರೆ ಯುನಿಕ್ಸ್ ಕಡತವು ಆದ್ಯಂತ ಒಂದೇ ಸಾಲಾಗುತ್ತದೆ. ಅದೇ ಆಜ್ಞೆಯನ್ನು ವಿಂಡೋಸ್ ಕಡತಕ್ಕೆ ಅನ್ವಯಿಸಿದರೆ ಎರಡನೆಯ ಸಾಲಿನಿಂದ ಮುಂದಕ್ಕೆ ಪ್ರತಿ ಸಾಲಿನ ತಲೆಯಲ್ಲಿ ಒಂದು 10 ಕುಳಿತಿರುತ್ತದೆ. 10ರವರೆಗೆ ಓದಿಸಿದರೆ ಸಾಲಿನ ಬಾಲದಲ್ಲಿ 13 ಉಳಿಯುತ್ತದೆ. ಈ ಕೊನೆಯದೇ ಹೆಚ್ಚು ಅಪಾಯಕರ. ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಸಮವಾಗಿ ಕಾಣುವ ಎರಡು ಪದಗಳು ಹೋಲಿಕೆಯಲ್ಲಿ ಸಮವಾಗುವುದಿಲ್ಲ. ಪದಸೂಚಿಯಲ್ಲಿ ಒಂದೇ ಪದವು ಎರಡು ಕಡೆ ನಿಲ್ಲುತ್ತದೆ. ಆದುದರಿಂದ ಕಡತದ ಮೊದಲ ಕೆಲವು ಬೈಟುಗಳನ್ನು ಸಂಖ್ಯಾರೂಪದಲ್ಲಿ ತೆರೆದು ನೋಡುವುದೇ ಮೊದಲ ಕರ್ತವ್ಯ.

ಪ್ರಚಲಿತ ಪರಿಹಾರಗಳೆರಡೂ ತೃಪ್ತಿಕರವಲ್ಲ. 13ನ್ನೆಲ್ಲ ಅಳಿಸಿಹಾಕುವುದು ಒಂದು. ಹಳೆಯ ಮ್ಯಾಕಿಂಟಾಷ್ ಕಡತದಲ್ಲಿ ಇದರಿಂದ ಸಾಲುಗಳೇ ಲುಪ್ತವಾಗುತ್ತವೆ. ಎರಡು ಚಿಹ್ನೆಗಳನ್ನೂ ವಿಭಾಜಕಗಳೆಂದೆಣಿಸಿ 'ಫೈಂಡ್‌ಟೋಕನ್ಸ್' ಸಂದೇಶದಿಂದ ಒಡೆಯುವುದು ಇನ್ನೊಂದು. ಇದು ಬರಿಸಾಲುಗಳನ್ನು ನುಂಗಿಬಿಡುವುದರಿಂದ ಪದ್ಯಪದ್ಯಗಳ ನಡುವಣ ಎಲ್ಲೆಯೇ ಅಳಿಯುತ್ತದೆ. ಸ್ಕ್ವೀಕ್ ಮತ್ತು ಫಾರೋಗಳಲ್ಲಿರುವ 'ಲೈನ್ಸ್‌ಡು' ಸಂದೇಶವು ಮೂರು ಪದ್ಧತಿಗಳನ್ನೂ ಸಮಾನವಾಗಿ ಗುರುತಿಸಿ ಬರಿಸಾಲನ್ನೂ ಕಾಯುತ್ತದೆ. ಅದೇ ಗ್ರಾಹ್ಯವಾದ ಮಾರ್ಗ.

ಗ್ರಂಥಸಂಪಾದಕನು ಲಿಪಿಕಾರನ ಅಭ್ಯಾಸವನ್ನು ಕವಿಯ ಪಾಠದಿಂದ ಬೇರ್ಪಡಿಸುತ್ತಾನೆ. ಹಸ್ತಪ್ರತಿಯನ್ನು ಮಾತ್ರ ತಿದ್ದುವುದಿಲ್ಲ. ಇಲ್ಲಿಯೂ ಅದೇ ವಿವೇಕ ಸಲ್ಲುತ್ತದೆ. ಮೂಲಕಡತವನ್ನು ಇದ್ದಂತೆಯೇ ಕಾಪಾಡಬೇಕು. ಪರಿವರ್ತನೆಯು ಒಳಗೆ ಬರುವ ಬಾಗಿಲಲ್ಲಿ ಒಮ್ಮೆ ಮಾತ್ರ ನಡೆಯಬೇಕು. ಹೊರಗೆ ಬರೆಯುವಾಗ ಯಾವ ಚಿಹ್ನೆಯೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಕಾರ್ಯಕ್ರಮದ ನಡುನಡುವೆ ಚದುರಿದ ತೇಪೆಗಳಿಂದ ಪಾಠಶುದ್ಧಿಯು ಸಾಧಿಸದು.