ಉತ್ತರ ಬರುವ ತನಕ

ನಂಜನಗೂಡನ್ನು ಹಾದ ಕಪಿಲೆಯ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಲು ಗಂಟೆಗಳೇ ಬೇಕು. ಅದೇ ಎರಡು ಊರುಗಳ ನಡುವೆ ರೇಡಿಯೋ ಅಲೆಗೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ ಸಾಕು. ಮೊಬೈಲಿನಲ್ಲಿ ಮಾತನಾಡುವ ನಮಗೆ ಆ ವಿಳಂಬ ಅರಿವಿಗೇ ಬಾರದು. ಆದುದರಿಂದಲೇ ಕಿರುತೆರೆಯ ವಿಜ್ಞಾನ ಕಥೆಗಳಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ತಡವಿಲ್ಲದೆ ಸಂಭಾಷಣೆ ನಡೆದರೂ ನಾವು ಪ್ರಶ್ನಿಸುವುದಿಲ್ಲ.

1966ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನೇ ನೋಡೋಣ. ಅದರ ಪಾತ್ರಗಳು ಮುಚ್ಚಳ ತೆರೆದು ಮಾತನಾಡುವ ಕೈಯಂತ್ರವು ಅಂದು ಕಲ್ಪನೆ. 1973ರಲ್ಲಿ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದರು. ಇಂದು ಅದು ಪ್ರತಿಯೊಂದು ಮನೆಯ ವಸ್ತು. ಯಂತ್ರದ ಮಟ್ಟಿಗೆ ಕಥೆಗಾರರು ಗೆದ್ದರು.

ದೂರದ ಮಟ್ಟಿಗೆ ಹಾಗಲ್ಲ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕನ್ನು ಯಾವ ಸಂದೇಶವೂ ಮೀರಲಾರದು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದಾಗ, ಅದರ ಸಂಕೇತ ಭೂಮಿಗೆ ಬರಲು ಸುಮಾರು 12 ನಿಮಿಷ ಹಿಡಿಯಿತು. ಮಾಡಬೇಕಾದುದೆಲ್ಲವನ್ನೂ ಮುಂಚಿತವಾಗಿಯೇ ನೌಕೆಗೆ ತಿಳಿಸಿಟ್ಟು, ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ಕಾದರು.

ಕಾಯುವಿಕೆಯನ್ನು ತೋರಿಸಿದರೆ ಕಥೆ ಕುಂಟುವುದಿಲ್ಲವೇ ಎಂದು ಕೇಳಬಹುದು. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ ಕಂತೇ ಇದಕ್ಕೆ ಉತ್ತರ. ಅಲ್ಲಿ ಗಡಿಯಿಂದ ಕಳುಹಿಸಿದ ಸಂದೇಶಕ್ಕೆ ಮೇಲಧಿಕಾರಿಗಳ ಮರುನುಡಿ ಬರಲು ಗಂಟೆಗಟ್ಟಲೆ ಬೇಕು. ಯುದ್ಧವೋ ಶಾಂತಿಯೋ ಎಂಬುದನ್ನು ನಾಯಕನು ತನ್ನ ಮನಸ್ಸಾಕ್ಷಿಯೊಂದನ್ನೇ ನಂಬಿ ನಿರ್ಧರಿಸಬೇಕು. ‘ನಿನ್ನ ನಿರ್ಧಾರಕ್ಕೆ ನಮ್ಮ ಬೆಂಬಲವಿದೆ’ ಎಂಬ ಉತ್ತರ ಬರುವ ವೇಳೆಗೆ ಎಲ್ಲವೂ ಮುಗಿದಿರುತ್ತದೆ. ವಿಳಂಬವನ್ನು ಒಪ್ಪಿಕೊಂಡ ಈ ಕಥೆ ಹೆಚ್ಚು ನಂಬಲರ್ಹ. ಅಷ್ಟೇ ಅಲ್ಲ, ಹೆಚ್ಚು ಮಾನವೀಯ.

ಅದೇ ಧಾರಾವಾಹಿಯ ಭಾಷಾಂತರ ಯಂತ್ರವಂತೂ ಅಪರಿಚಿತ ಭಾಷೆಯನ್ನು ಕ್ಷಣಾರ್ಧದಲ್ಲಿ ಕಲಿತುಬಿಡುತ್ತದೆ. ಇಂದಿನ ಮೊಬೈಲುಗಳೂ ಭಾಷಾಂತರಿಸುತ್ತವೆ ನಿಜ. ಆದರೆ ಅದರ ಹಿಂದೆ ಮನುಷ್ಯರು ತಲೆಮಾರುಗಳ ಕಾಲ ಬರೆದಿಟ್ಟ ಪಠ್ಯರಾಶಿಯಿದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದುದು 1894ರಲ್ಲಿ. ಪರರ ಮಾತು ನಮ್ಮದಾಗಲು ಅಷ್ಟು ತಾಳ್ಮೆ ಬೇಕಾಯಿತು.

ಇಂತಹ ಧಾರಾವಾಹಿಗಳ ನಿಜವಾದ ಕೊರತೆ ವಿಜ್ಞಾನದ ತಪ್ಪಲ್ಲ; ಸಂಪರ್ಕದಿಂದ ಕಾಯುವಿಕೆಯನ್ನು ಅಳಿಸಿಹಾಕಿದುದು. ಆ ಅಭ್ಯಾಸ ನಮ್ಮ ಮನೆಗಳಿಗೂ ಬಂದಿದೆ. ಪರದೇಶದಲ್ಲಿರುವ ಮಗನಿಗೆ ಕಳುಹಿಸಿದ ಸಂದೇಶದ ಕೆಳಗೆ ಎರಡು ನೀಲಿ ಗೆರೆ ಮೂಡಿ, ಹತ್ತು ನಿಮಿಷ ಉತ್ತರ ಬಾರದಿದ್ದರೆ ತಾಯಿಯ ಮನಸ್ಸು ಕಲಕುತ್ತದೆ, ತಂದೆಗೆ ಸಿಟ್ಟು ಬರುತ್ತದೆ. ಪ್ರತಿವರ್ಷ ಆಗಮನ ಕಾಲದಲ್ಲಿ ನಾಲ್ಕು ವಾರ ಕಾಯಲು ಧರ್ಮಸಭೆ ನಮಗೆ ಕಲಿಸುತ್ತದೆ. ಅದೇ ಪಾಠವನ್ನು ಕೈಯಲ್ಲಿನ ಮೊಬೈಲಿಗೂ ಅನ್ವಯಿಸಿಕೊಂಡರೆ, ಮಗನು ಯೋಚಿಸಿ ಬರೆಯುವ ಉತ್ತರಕ್ಕೆ ಸ್ಥಳವುಳಿದೀತು.